ಮೂಗಿದ್ದ ಮಂಕರಿ

ನಾನು ಒಂದು ಬಿದಿರಿನ ಮಂಕರಿ. ನನ್ನ ಒಡಹುಟ್ಟಿದವೆಲ್ಲ ಬಾಯಿ ಮೇಲೆ ಮಾಡಿಕೊಂಡು ಗೊಬ್ಬರ ಹೊತ್ತವು, ಹುಲ್ಲು ಹೊತ್ತವು, ಹೊಲ ಗದ್ದೆ ಸುತ್ತಿ ಬಂದವು. ನಾನು ಮಾತ್ರ ಹುಟ್ಟಿದ ಲಾಗಾಯ್ತು ಬೋರಲು ಬಿದ್ದು ಬದುಕಿದೆ. ನನ್ನ ಮಾತು ಸ್ವಲ್ಪ ಸಿಡುಕು ಅನ್ನಿಸಿದರೆ ಬೇಸರ ಮಾಡಿಕೊಳ್ಳಬೇಡಿ.

ನನ್ನನ್ನು ಹೆಣೆದವಳು ಮೇದರ ಕರಿರಂಗಮ್ಮ. ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮೊರ, ಬುಟ್ಟಿ ಮಾರಿಕೊಂಡು ತಿರುಗುವವಳು. ಕೋಳಿಮರಿಗೆ ಕಾವು ಕೊಡುವುದಕ್ಕೆ ಬೇಕೆಂದು ಜವರಮ್ಮ ಎಂಬ ಹೆಂಗಸು ಹೇಳಿ ಮಾಡಿಸಿದ್ದರಿಂದ, ನನ್ನ ತಳದ ನಡುವೆ ಬಲ್ಬು ಇಳಿಬಿಡಲು ಒಂದು ತೂತು, ಅದರ ಸುತ್ತ ನಾಲ್ಕು ಕಂಡಿ ಬಿಟ್ಟಳು. ಕೈಗೆ ಕೊಡುವಾಗ ಹೇಳಿದಳು: "ಈ ನಾಕು ಕಂಡಿ ಇದರ ಮೂಗು ಕನವ್ವ. ಏನಾರ ಆಗ್ಲಿ, ಮುಚ್ಬ್ಯಾಡ."

ಜವರಮ್ಮ ಪೇಟೆಯಿಂದ ಒಂದು ದಿನದ ನಲವತ್ತು ಮರಿ ತಂದಳು. ಬೀದಿಗೆ ತೆರೆದ ಕೋಣೆಯಲ್ಲಿ ಭತ್ತದ ಹೊಟ್ಟು ಹರಡಿ, ಮೇಲೆ ಹಳೆಯ ಪೇಪರು ಹಾಸಿ, ಮೂರು ಇಟ್ಟಿಗೆಯ ಮೇಲೆ ನನ್ನನ್ನು ಬೋರಲು ಇಟ್ಟಳು. ಒಳಗೆ ಬಲ್ಬು ಹತ್ತಿತು. ನನ್ನ ಅಂಚಿನಡಿ ನುಸುಳಿ ಮರಿಗಳು ಹೋಗಿ ಬಂದು ಮಾಡಿದವು. ಚಳಿಯಾದರೆ ಬಲ್ಬಿನ ಕೆಳಗೆ ಒತ್ತೊತ್ತಾಗಿ ಸೇರುತ್ತಿದ್ದವು, ಸೆಕೆಯಾದರೆ ಅಂಚಿಗೆ ಓಡುತ್ತಿದ್ದವು. ಹದವಾಗಿದ್ದರೆ ಅಲ್ಲೊಂದು ಇಲ್ಲೊಂದು ಕಾಲು ಚಾಚಿ ಮಲಗುತ್ತಿದ್ದವು. ಆ ಹೊತ್ತಿನಲ್ಲಿ ನಾನೂ ಒಂದು ಹೇಂಟೆ ಎಂದು ನನಗೆ ಜಂಬ ಬರುತ್ತಿತ್ತು.

ಆದರೆ ಕಾವು ಕೊಟ್ಟೇನು, ತಿನ್ನುವುದು ಕಲಿಸುವುದು ಹೇಗೆ? ತಾಯಿಯಾದರೆ ಕೊಕ್ಕಿನಿಂದ ಕುಟ್ಟಿ ತೋರಿಸುತ್ತಾಳೆ. ನನಗೆ ಕೊಕ್ಕು ಎಲ್ಲಿಂದ ಬರಬೇಕು?

ಆ ಕೆಲಸಕ್ಕೆ ಬಂದವಳು ಎದುರುಮನೆಯ ನಿಂಗಾಜಮ್ಮ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಒಂದೊಂದೇ ಮರಿಯನ್ನು ಅಂಗೈಯಲ್ಲಿ ಹಿಡಿದು ಅದರ ಕೊಕ್ಕನ್ನು ಬೆಲ್ಲದ ನೀರಿಗೆ ಅದ್ದಿದಳು. ಆಮೇಲೆ ಪೇಪರಿನ ಮೇಲೆ ಜೋಳದ ನುಚ್ಚು ಉದುರಿಸಿ, ತೋರುಬೆರಳ ಉಗುರಿನಿಂದ ಟಕ್ ಟಕ್ ಎಂದು ಕುಟ್ಟಿದಳು. ಮರಿಗಳು ಓಡಿ ಬಂದು ಆ ಉಗುರಿನ ಸುತ್ತ ತಾವೂ ಕುಟ್ಟಿದವು. "ತಿನ್ರವ್ವ, ತಿನ್ರೋ ನನ್ ಕೂಸ್ಗಳಾ" ಎಂದು ನಕ್ಕಳು. ದಿನವೂ ಬಂದಳು. ಆ ಸದ್ದು ಕೇಳದೆ ನನಗೆ ಬೆಳಗಾಗುತ್ತಿರಲಿಲ್ಲ.

ಐದನೆಯ ದಿನ ಅವಳ ಬಾಯಿಂದ ಮಾತೊಂದು ಬಂತು. "ಅಬ್ಬಬ್ಬಾ! ನಲವತ್ತಕ್ಕೆ ನಲವತ್ತೂ ಅವೆ ಕನಕ್ಕ! ಹೆಂಗೆ ದುಂಡುದುಂಡ್ಗೆ ಬೆಳ್ದವೆ ನೋಡು!"

ಜವರಮ್ಮನ ಮುಖ ಸಣ್ಣಗಾಯಿತು. ಬೆಳೆಯುವುದನ್ನು ಎಣಿಸಬಾರದು, ಹೊಗಳಬಾರದು. ಅದರಲ್ಲೂ ಮಡಿಲು ತುಂಬದವಳು. ಜವರಮ್ಮ ಕೆಟ್ಟವಳಲ್ಲ. ನಿಂಗಾಜಮ್ಮ ಮನೆಗೆ ಹೋದ ಮೇಲೆ ಕರಿಕಂಬಳಿ ತಂದು ನನ್ನ ಮೇಲೆ ನೆಲ ಮುಟ್ಟುವ ಹಾಗೆ ಹೊದಿಸಿದಳು. ಗಾಳಿಗೆ ಸರಿಯದಿರಲೆಂದು ಸುತ್ತ ಕಲ್ಲು ಹೇರಿದಳು. ಇನ್ನು ಯಾರ ದೃಷ್ಟಿಯೂ ತಾಗದೆಂದು ನೆಮ್ಮದಿಯಾಗಿ ನಾಲೆಗೆ ಬಟ್ಟೆ ಒಗೆಯಲು ಹೋದಳು.

ಬಲ್ಬು ಉರಿಯುತ್ತಲೇ ಇತ್ತು. ನನ್ನ ನಾಲ್ಕು ಮೂಗೂ ಮುಚ್ಚಿದ್ದವು. ಮರಿಗಳು ಅಂಚಿಗೆ ಓಡಿದವು, ಅಲ್ಲಿ ಕಂಬಳಿ. ಬಾಯಿ ಕಳೆದು ಏದುಸಿರು ಬಿಟ್ಟವು, ಒಂದರ ಮೇಲೊಂದು ಬಿದ್ದವು. ಕಾಪಾಡಲೆಂದು ಹುಟ್ಟಿದ ನಾನು ಅವುಗಳಿಗೆ ಗೋರಿಯಾದೆ.

ಮೂವತ್ತೊಂದು ಸತ್ತವು. ಜವರಮ್ಮ ಎದೆ ಬಡಿದುಕೊಂಡಳು. "ಅವಳ ಕಣ್ಣು ಕನ್ರವ್ವ! ನಾನು ಕಂಬ್ಳಿ ಹೊದ್ಸೋ ವೊತ್ಗೆ ಬಿದ್ದೋಗಿತ್ತು!"

ಊರ ಬಾಯಿಗೆ ಬೀಗ ಹಾಕುವವರು ಯಾರು? ಅವತ್ತಿನಿಂದ ನಿಂಗಾಜಮ್ಮ ಬೀದಿಗೆ ಬಂದರೆ ಹೆಂಗಸರು ಕಂಕುಳ ಕೂಸಿನ ಮೇಲೆ ಸೆರಗು ಎಳೆದುಕೊಂಡರು. ಒಮ್ಮೆ ಅವಳು ನಮ್ಮ ಬಾಗಿಲ ತನಕ ಬಂದು, ಹೊಸಲಿನಾಚೆ ನಿಂತು, ಹಾಗೇ ತಿರುಗಿ ಹೋದಳು. ಸತ್ಯ ಗೊತ್ತಿದ್ದದ್ದು ನನಗೆ ಮಾತ್ರ. ಮೂಗ ಕಂಡ ಕನಸನ್ನು ಯಾರಿಗೆ ಹೇಳಲಿ? ಉಳಿದ ಒಂಬತ್ತು ಮರಿ ಮೂರು ವಾರಕ್ಕೆ ರೆಕ್ಕೆ ಬಲಿತು ಹೊರಟವು, ಹಿಂದಿರುಗಿ ನೋಡಲಿಲ್ಲ. ವರ್ಷವಿಡೀ ಖಾಲಿ ಹೊಟ್ಟೆಯಲ್ಲಿ ಆ ಎದುರು ಬಾಗಿಲನ್ನೇ ನೋಡುತ್ತಾ ಕುಳಿತೆ.

ಮರುವರ್ಷ ಮತ್ತೆ ಮರಿ ಬಂದವು. ಈ ಸಲ ಮೊದಲೇ ಜಾಗ್ರತೆ ಎಂದು ಜವರಮ್ಮ ಮೂರನೆಯ ದಿನವೇ ಕಂಬಳಿ ಹೊದಿಸಿದಳು. ಆ ಹೊತ್ತಿಗೆ ಸರಿಯಾಗಿ ಕರಿರಂಗಮ್ಮ ಮೊರ ಮಾರುತ್ತ ಬಂದವಳು ಬಾಗಿಲಲ್ಲಿ ಇಣುಕಿ ನೋಡಿ, ತಲೆಯ ಹೊರೆಯನ್ನು ಅಲ್ಲೇ ಎತ್ತಿಹಾಕಿ ಕಂಬಳಿ ಕಿತ್ತೆಸೆದಳು. ಮರಿಗಳು ಬಾಯಿ ತೆರೆದುಕೊಂಡು ತೂರಾಡುತ್ತ ಹೊರಬಂದವು.

"ಮೂಗು ಮುಚ್ಬ್ಯಾಡ ಅಂತ ಹೇಳಿರ್ನಿಲ್ವ? ಉಸ್ರು ಕಟ್ಸಿ ಸಾಯಿಸ್ತೀಯಾ?"

ಜವರಮ್ಮ ನೆಲದಲ್ಲಿ ಬಿದ್ದ ಕಂಬಳಿಯನ್ನು ಎತ್ತಿಕೊಂಡಳು. "ಹಂಗಾರೆ... ಹೋದ್ ವರ್ಸದವು..." ಎಂದಳು.

ಮಾರನೆಯ ಬೆಳಿಗ್ಗೆ ಅವಳು ನನ್ನ ಬಾಯಿ ಮೇಲೆ ಮಾಡಿ, ಮರಿಗಳನ್ನೆಲ್ಲ ತುಂಬಿಕೊಂಡು ಬೀದಿ ದಾಟಿದಳು. ನಾನು ಆಕಾಶ ನೋಡಿದ್ದು ಅದೊಂದೇ ಸಲ. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ ಕೂಗಿದಳು: "ನಿಂಗಾಜೀ, ನಿನ್ ಕಣ್ಣಲ್ಲ ಕನಮ್ಮಿ, ನನ್ ಕಂಬ್ಳಿ! ಸಾಯಿಸ್ದೋಳು ನಾನು! ಇವೆಲ್ಲ ಇನ್ಮೇಲೆ ನಿನ್ನವು. ತಿನ್ನಾದ ಕಲ್ಸು ಬಾ."

ನಿಂಗಾಜಮ್ಮ ಬಾಗಿಲು ತೆರೆದಳು. "ಬುಡಕ್ಕ, ಆಗೋಯ್ತು" ಎಂದಳು, ಅಷ್ಟೆ. ಪೇಪರು ಹಾಸಿದಳು, ನುಚ್ಚು ಉದುರಿಸಿದಳು. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ. ಆಮೇಲೆ ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಕೈಯೊಂದನ್ನೇ ಹಿಂದಕ್ಕೆ ಚಾಚಿ ಟಕ್ ಟಕ್ ಎಂದು ಕುಟ್ಟಿದಳು. ಮರಿಗಳು ಓಡಿ ಬಂದವು.

"ಇತ್ತಗೆ ನೋಡಮ್ಮಿ, ಹೆಂಗೆ ತಿಂತಾವೆ" ಎಂದಳು ಜವರಮ್ಮ.

"ನೀನೇ ನೋಡಕ್ಕ. ನಂಗೆ ಸದ್ದು ಕೇಳುದ್ರೆ ಸಾಕು."

ಮೂರು ವಾರವೂ ಅವಳು ಅವುಗಳನ್ನು ಹಾಗೇ ಸಾಕಿದಳು. ಒಂದೂ ಸಾಯಲಿಲ್ಲ. ಆದರೂ ಅವಳು ತಿರುಗಿ ನೋಡಲಿಲ್ಲ. ಜವರಮ್ಮ ದಿನವೂ ಬಂದು ಅತ್ತು ಹೋದಳು. ಊರು ಮರೆಯಿತು, ನಿಂಗಾಜಮ್ಮ ಮರೆಯಲಿಲ್ಲ.

ಈಗ ನನಗೆ ಹುಳು ಹಿಡಿದಿದೆ. ಬಲ್ಬು ತೆಗೆದು ಎಷ್ಟೋ ಕಾಲವಾಯಿತು. ನಿಂಗಾಜಮ್ಮನ ಮನೆಯ ಮೂಲೆಯಲ್ಲಿ ಬೋರಲಾಗಿ ಬಿದ್ದಿದ್ದೇನೆ. ಕೆಲವು ಮಧ್ಯಾಹ್ನ ಅವಳು ಬಂದು ನನ್ನ ಎದುರು ಕೂರುತ್ತಾಳೆ, ಉಗುರಿನಿಂದ ನನ್ನ ಬೆನ್ನು ಕುಟ್ಟುತ್ತಾಳೆ. ಆಗ ಮುಖ ತಿರುಗಿಸುವುದಿಲ್ಲ, ನನ್ನನ್ನು ಕಣ್ತುಂಬ ನೋಡುತ್ತಾಳೆ. ನನ್ನೊಳಗೆ ಸಾಯುವಂಥದ್ದು ಏನೂ ಇಲ್ಲವೆಂದು ಅವಳಿಗೆ ಗೊತ್ತು.