ಕ್ಯಾರವಾನ್ ಏಣಿಯ ಬುಡದಲ್ಲಿ ಯಾರೂ ಇಲ್ಲ

"ಹಿಡ್ಕಂಡಿದ್ದೀಯಾ?" ಎಂದು ಜಯಶೀಲ ಮೇಲಿನಿಂದ ಕೇಳಿದಳು.

"ಹೂಂ ಹೂಂ, ಹಿಡ್ಕಂಡಿವ್ನಿ," ಎಂದ ಅವಳ ಗಂಡ ಮರಿಲಿಂಗ. ದನಿ ಬಂದದ್ದು ಟೀ ಗಾಡಿಯ ಕಡೆಯಿಂದ. ಜನರೇಟರ್ ಗದ್ದಲದಲ್ಲಿ ಅವಳಿಗೆ ಅದು ತಿಳಿಯಲಿಲ್ಲ. ನನಗೆ ತಿಳಿಯಿತು, ಏಕೆಂದರೆ ನನ್ನ ಕಾಲ ಬಳಿ ಯಾರೂ ಇರಲಿಲ್ಲ. ಅವಳು ಗಂಡನನ್ನು ನಂಬಿ ಇನ್ನೊಂದು ಮೆಟ್ಟಿಲು ಹತ್ತಿದಳು.

ನಾನು ಒಂದು ಏಣಿ. ಪೀಣ್ಯದ ಒಂದು ಶೆಡ್ಡಿನಲ್ಲಿ ಅಲ್ಯೂಮಿನಿಯಂ ಕೊಳವೆಗಳನ್ನು ಕತ್ತರಿಸಿ, ತೂತು ಕೊರೆದು, ಬಡಿದು ನನ್ನನ್ನು ಮಾಡಿದರು. ಕೊನೆಯಲ್ಲಿ ಎರಡು ಕಾಲಿಗೂ ಕಪ್ಪು ರಬ್ಬರ್ ಬೂಟು ತೊಡಿಸಿ, ನೆಲಕ್ಕೆ ಒತ್ತಿ, ಜಾರುತ್ತದೆಯೇ ಎಂದು ನೋಡಿದರು. ಜಾರಲಿಲ್ಲ. ಆಮೇಲೆ ಯಾರೂ ನನ್ನನ್ನು ಹಾಗೆ ಪರೀಕ್ಷಿಸಿ ನೋಡಿದ್ದಿಲ್ಲ.

ಮೊದಲು ನನ್ನನ್ನು ಕೊಂಡವನು ಮೈಸೂರಿನ ಒಂದು ಸಿನಿಮಾ ಟಾಕೀಸಿನ ಮ್ಯಾನೇಜರ್. ವಾರಕ್ಕೊಮ್ಮೆ ಹಳೆಯ ನಾಯಕನ ಕಟೌಟು ಇಳಿಸಿ ಹೊಸಬನದನ್ನು ಏರಿಸುವುದು ನನ್ನ ಕೆಲಸ. ಮನುಷ್ಯರ ಮುಖ ನನಗೆ ಕಾಣುವುದು ಕೊನೆಗೆ, ಮೊದಲು ಕಾಣುವುದು ಅಂಗಾಲು. ಬಿಡುಗಡೆಯ ದಿನ ಅಭಿಮಾನಿಗಳು ಹಾಲಿನ ಕೊಡ ಹೊತ್ತು ಒಬ್ಬರ ಹಿಂದೊಬ್ಬರು ನನ್ನ ಮೇಲೆ ಹತ್ತುತ್ತಿದ್ದರು. ಕೆಳಗೆ ಹಿಡಿದು ನಿಂತವನೂ ಅವಸರ ತಡೆಯಲಾರದೆ ಹತ್ತಿಬಿಡುತ್ತಿದ್ದ. ನಾಯಕನ ಹಣೆಯಿಂದ ಸುರಿದ ಹಾಲು ನನ್ನ ಮೆಟ್ಟಿಲುಗಳ ಮೇಲೆ ಇಳಿದು, ಬಿಸಿಲಿಗೆ ಹುಳಿಯುತ್ತಿತ್ತು. ತೊಳೆಯಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಟಾಕೀಸು ಮುಚ್ಚಿದಾಗ ನಾನು ಮರಿಲಿಂಗನ ಕೈಗೆ ಬಂದೆ. ಶೂಟಿಂಗಿಗೆ ಬರುವ ಕಲಾವಿದರು ಬಟ್ಟೆ ಬದಲಾಯಿಸಲು, ಮಲಗಲು ಒಂದು ಕ್ಯಾರವಾನ್ ಇಟ್ಟು ಬಾಡಿಗೆಗೆ ಬಿಡುವವನು ಅವನು. ಓಡಿಸುವುದು ಅವನು. ಒಳಗೆ ಗುಡಿಸಿ ಒರೆಸುವುದು, ಹಾಸಿಗೆ ಬದಲಿಸುವುದು, ಛಾವಣಿ ತೊಳೆಯುವುದು ಜಯಶೀಲ. "ಮೇಲೆ ಹತ್ತುದ್ರೆ ನಂಗೆ ತಲೆ ಸುತ್ತದೆ," ಎಂಬುದು ಅವನ ಖಾಯಂ ಮಾತು. ಸುಳ್ಳಲ್ಲ. ಎರಡನೇ ಮೆಟ್ಟಿಲಿಂದಲೇ ಅವನು ಕಣ್ಣು ಮುಚ್ಚಿ ಇಳಿದುಬಿಟ್ಟದ್ದು ನನಗೆ ಗೊತ್ತು.

ಕ್ಯಾರವಾನನ್ನು ಯಾವಾಗಲೂ ಮರದಡಿಯೇ ನಿಲ್ಲಿಸಬೇಕು, ಕಲಾವಿದರಿಗೆ ತಂಪು ಬೇಕು. ಮರದಲ್ಲಿ ಕಾಗೆ, ಬಾವಲಿ. ಛಾವಣಿಯ ಮೇಲೆ ಹಿಕ್ಕೆ, ಎಲೆ, ಆಲದ ಹಣ್ಣು. ಎಲ್ಲ ಸೇರಿ ನೀರು ಹರಿಯುವ ತೂತಿಗೆ ಸಿಕ್ಕಿಕೊಂಡರೆ ಎಸಿಯ ಸುತ್ತ ನೀರು ನಿಲ್ಲುತ್ತದೆ, ಒಳಗೆ ಕನ್ನಡಿಯ ಮೇಲೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಗಾಡಿಯನ್ನು ಯಾವ ಪ್ರೊಡಕ್ಷನ್‌ನವರೂ ಮತ್ತೆ ಕರೆಯುವುದಿಲ್ಲ.

ಒಮ್ಮೆ ಛಾವಣಿಯ ನಡುವೆ ಕಾಲಿಟ್ಟಾಗ ಫೈಬರ್ ಟಪ್ ಎಂದು ಸದ್ದು ಮಾಡಿತ್ತು. ಅಂದಿನಿಂದ ಜಯಶೀಲ ಮೇಲೆ ಕಾಲಿಡುತ್ತಿರಲಿಲ್ಲ. ಬಿಸಿಲೇರಿ ಇಬ್ಬನಿ ಆರುವವರೆಗೆ ಕಾಯುವಳು. ನನ್ನ ಮೇಲೆ ನಿಂತೇ, ಸೊಂಟ ಅಂಚಿಗಿಂತ ಮೇಲೆ ಹೋಗದಂತೆ, ಬಿದಿರಿಗೆ ಕಟ್ಟಿದ ಬ್ರಷ್ಷನ್ನು ಚಾಚಿ ಉಜ್ಜುವಳು. ಕೈಗೆ ಸಿಗದಿದ್ದರೆ ವಾಲುವುದಿಲ್ಲ. ಇಳಿದು, ನನ್ನನ್ನು ಸರಿಸಿ, ಮತ್ತೆ ಹತ್ತುವಳು. ಒಂದು ಸುತ್ತು ಮುಗಿಯಲು ಅರ್ಧ ಬೆಳಗು ಬೇಕು. ನನಗೆ ಅದು ಸುಖದ ಕೆಲಸ. ಮರಿಲಿಂಗನಿಗೆ ಬೇಸರ.

"ಮೇಲ್ ಹತ್ಕಂಡು ಒಂದೇ ಸಲ ಗುಡ್ಸಾಕದಲ್ವಾ? ದೇವಸ್ಥಾನ ಸುತ್ತದಂಗೆ ಸುತ್ತೀಯಲ್ಲ."

"ನೀನ್ ಸುಮ್ಕೆ ಹಿಡ್ಕಂಡ್ ನಿಂತ್ರೆ ಬೇಗ ಆಯ್ತದೆ."

ಅವನಿಗೆ ಅದೊಂದೇ ಆಗುತ್ತಿರಲಿಲ್ಲ. ಸುಮ್ಮನೆ ನಿಲ್ಲುವುದು ಅವನ ಲೆಕ್ಕದಲ್ಲಿ ಕೆಲಸವೇ ಅಲ್ಲ. ಫೋನು ಬಂದರೆ ಒಂದು ಕೈ ಹೋಯಿತು. ಗುರುತಿನವರು ಕಂಡರೆ ಇನ್ನೊಂದೂ ಹೋಯಿತು. ಬಿಟ್ಟು ಹೋದಾಗಲೆಲ್ಲ ನಾನು ಹಲ್ಲು ಕಚ್ಚಿದಂತೆ ರಬ್ಬರನ್ನು ನೆಲಕ್ಕೆ ಕಚ್ಚಿ ನಿಲ್ಲುತ್ತಿದ್ದೆ. ನಾನು ಜಾರದಿದ್ದುದರಿಂದ, ಹಿಡಿಯುವ ಅಗತ್ಯವೇ ಇಲ್ಲವೆಂದು ಅವನು ತಿಳಿದ. ಇದಕ್ಕಿಂತ ತಲೆ ಕೆಡಿಸುವ ಸಂಗತಿ ಬೇರೆ ಇಲ್ಲ.

ಆಮೇಲೆ ಆಯುಧಪೂಜೆ ಬಂತು. ಮರಿಲಿಂಗ ಭಕ್ತ. ಕ್ಯಾರವಾನಿಗೆ ಚೆಂಡುಹೂವಿನ ಹಾರ, ಛಾವಣಿಯ ಮೂಲೆಗಳಿಗೆ ಬಾಳೆಕಂದು. ಕಟ್ಟಿದ್ದು ಜಯಶೀಲಳೇ. ಮರಿಲಿಂಗ ನನ್ನನ್ನೂ ತೊಳೆದು, ಮಿರಮಿರ ಮಿಂಚಲಿ ಎಂದು ಕೊಬ್ಬರಿ ಎಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು ಗೋಡೆಗೆ ನಿಲ್ಲಿಸಿದ. ಆರತಿ ಎತ್ತುವ ಮುನ್ನ ಅವನ ಕಣ್ಣು ನನ್ನ ಕಾಲಿಗೆ ಬಿತ್ತು.

"ಪೂಜೆಗಿಕ್ಕಿರೋದು ಚಪ್ಲಿ ಹಾಕ್ಕಂಡ್ ನಿಂತದಲ್ಲ," ಎಂದು, ಎರಡೂ ಬೂಟು ಕಿತ್ತು ಡ್ಯಾಶ್‌ಬೋರ್ಡಿನೊಳಗೆ ಎಸೆದ. ಬರಿಗಾಲಲ್ಲಿ ಮಂಗಳಾರತಿ ತೆಗೆದುಕೊಂಡೆ. ನನ್ನ ಬದುಕಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಗೌರವ ಅದು. ನನ್ನನ್ನು ಹಾಳು ಮಾಡಿದ್ದೂ ಅದೇ.

ಪಾಂಡವಪುರದ ಕಾಲುವೆ ಏರಿಯ ಮೇಲೆ ಶೂಟಿಂಗ್ ಇದ್ದ ದಿನ ಒಳಗೆ ತೊಟ್ಟಿಕ್ಕಲು ಶುರುವಾಯಿತು. ಪೂಜೆಯ ಬಾಳೆ ಕೊಳೆತು ತೂತು ಮುಚ್ಚಿತ್ತು. "ಹೀರೋಯಿನ್ ಮೇಡಂ ಬರೋದ್ರೊಳಗೆ ಸರಿ ಮಾಡಿ, ಇಲ್ಲಾಂದ್ರೆ ಬೇರೆ ಗಾಡಿ ಕರೆಸ್ತೀನಿ," ಎಂದು ಪ್ರೊಡಕ್ಷನ್ ಮ್ಯಾನೇಜರ್ ಹೇಳಿಹೋದ. ಇಬ್ಬನಿ ಆರುವವರೆಗೆ ಕಾಯಲು ಸಮಯವಿರಲಿಲ್ಲ.

"ಏಣಿ ಬೂಟು ಹಾಕುದ್ಯಾ?" ಎಂದು ಅವಳು ಡ್ರಮ್ಮಿನಿಂದ ನೀರು ತುಂಬುತ್ತ ಕೇಳಿದಳು.

"ಆಗ್ಲೇ ಹಾಕ್ದೆ, ಹತ್ತು," ಎಂದ. ನನ್ನನ್ನು ಸಿಮೆಂಟು ಕಟ್ಟೆಯ ಮೇಲೆ, ಪಾಚಿ ಹಸಿಯಾಗಿದ್ದ ಕಡೆ ನಿಲ್ಲಿಸಿದ. ಬೂಟಿನ ಮಾತನ್ನು ನಾನು ಸಾವಿರ ಸಲ ಅಲ್ಲಗಳೆದೆ. ಏಣಿಯ ಮಾತು ಏಣಿಗೇ ಕೇಳುತ್ತದೆ.

ಟೀ ಗಾಡಿಯಿಂದ "ಹಿಡ್ಕಂಡಿವ್ನಿ" ಎಂದು ಅವನು ಕೂಗಿದ್ದು ಆಗಲೇ. ಅವಳು ಬಾಳೆನಾರನ್ನು ಎಳೆದಳು. ಅದು ತೂತಿನಿಂದ ಬಿಟ್ಟಿತು, ನನ್ನ ಕಾಲೂ ನೆಲ ಬಿಟ್ಟಿತು. ನಾನು ಕ್ಯಾರವಾನಿನ ಮೈಯನ್ನು ಗೀರುತ್ತ ಕೆಳಗಿಳಿದೆ. ಅವಳು ಬಲಗೈ ಊರಿ ಬಿದ್ದಳು. ಮೂಳೆ ಮುರಿದ ಸದ್ದು ಟೊಳ್ಳು ಕೊಳವೆಯ ಸದ್ದಿನಂತೆಯೇ ಇರುತ್ತದೆ.

"ದರಿದ್ರ ಏಣಿ," ಎಂದ ಮರಿಲಿಂಗ, ಗ್ಲಾಸು ಹಿಡಿದೇ ಓಡಿಬಂದು. "ಟಾಕೀಸ್ ಮುಳುಗ್ಸಿದ್ದೂ ಇದೇಯಾ."

ಈಗ ನಾನು ಮೈಸೂರಿನ ರಿಂಗ್ ರಸ್ತೆಯಾಚೆ ಅವರ ಮನೆಯ ಹಿತ್ತಲಿನಲ್ಲಿ ಮಲಗಿದ್ದೇನೆ. ನನ್ನ ಮೇಲೆ ಕ್ಯಾರವಾನಿನ ಟವೆಲ್ಲುಗಳು ಒಣಗುತ್ತವೆ. ಒಂದು ಕಡೆ ಸೊಟ್ಟಗಾಗಿದ್ದೇನೆ, ಗುಜರಿಯವನು ಯಾವಾಗ ಬೇಕಾದರೂ ಬರಬಹುದು. ಇಷ್ಟು ಕಾಲ ಹೊತ್ತ ಮೇಲೆ ನನಗೆ ಒಂದು ವಿಷಯ ಸ್ಪಷ್ಟ. ಮೇಲೆ ಹತ್ತುವವರನ್ನು ಹೊರುವುದು ಕಷ್ಟವೇನಲ್ಲ. ಕೆಳಗೆ ನಿಲ್ಲುತ್ತೇನೆ ಎಂದವನನ್ನು ನಿಲ್ಲಿಸುವುದಕ್ಕೆ ಯಾವ ಕಾರ್ಖಾನೆಯೂ ಏನನ್ನೂ ಮಾಡಿಲ್ಲ.

ಜಯಶೀಲಳ ಕೈಯ ಪ್ಲಾಸ್ಟರ್ ಪಟ್ಟಿ ಬಿಚ್ಚಿದ ವಾರ ಮರಿಲಿಂಗ ಹಿತ್ತಲಿಗೆ ಒಂದು ಹೊಸ ಏಣಿ ತಂದ. ನನಗಿಂತ ಅಗಲ, ಕಾಲಿನಡಿ ದಪ್ಪ ಹಲ್ಲುಗಳ ರಬ್ಬರ್. ಜೊತೆಗೆ ಕಟ್ಟಡದವರು ಸೊಂಟಕ್ಕೆ ಹಾಕುವ ಕಿತ್ತಳೆ ಬಣ್ಣದ ಬೆಲ್ಟು, ಅದಕ್ಕೊಂದು ಉದ್ದ ಹಗ್ಗ. ಅವಳು ಎಡಗೈಯಲ್ಲಿ ಟವೆಲ್ಲು ಹಿಂಡುತ್ತಿದ್ದಳು.

"ನೋಡಮ್ಮಿ, ಆನೆ ನಿಂತ್ರೂ ಜಾರಕಿಲ್ಲ ಅಂದ ಅಂಗ್ಡಿಯವ್ನು. ನಾಳಿಕ್ ಶೂಟಿಂಗ್ ಅದೆ, ಒಂದ್ ಸುತ್ತು ತೊಳ್ದುಬುಡು. ನಿನ್ ಹೆಸ್ರೇಳಿ ತಂದಿವ್ನಿ, ಹಾಕ್ಕಂಡ್ ನೋಡು."

ಅವಳು ಕೈ ಒರೆಸಿಕೊಂಡು ಬೆಲ್ಟನ್ನು ತಿರುಗಿಸಿ ನೋಡಿದಳು. ಬಕಲ್ ಹಾಕಿ ತೆಗೆದಳು. ಹಗ್ಗವನ್ನು ತುದಿಯವರೆಗೂ ಎಳೆದು ನೋಡಿದಳು.

"ಚೆನ್ನಾಗದೆ," ಎಂದಳು. "ಈ ತುದಿ ಯಾವುದಕ್ಕೆ ಕಟ್ಟದು?"

"ಕಟ್ಟದೇನಕ್ಕೆ? ನಾನೇ ಹಿಡ್ಕಂಡಿರ್ತೀನಿ."

ಅವಳು ಬೆಲ್ಟನ್ನು ಮಡಚಿ ಅವನ ಕೈಯಲ್ಲಿಟ್ಟಳು.

"ನಾನ್ ಹತ್ತಾಕಿಲ್ಲ."