ಬೈಯದ ನಾಲ್ಕು ದಿನ

ಬೈಗುಳಕ್ಕೆ ಕಾಯುತ್ತ ಮುನಿಗಂಗಪ್ಪ ಬದುವಿನ ಮೇಲೆ ನಿಂತೇ ಇದ್ದ. ಬೆನ್ನಿಗೆ ಔಷಧಿ ಕ್ಯಾನು, ಮೂಗಿಗೆ ಕಟ್ಟಿದ್ದ ಟವಲು ಕತ್ತಿಗೆ ಇಳಿದಿತ್ತು. ಅವನು ಟೊಮೇಟೊ ತೋಟಕ್ಕೆ ಹೊಡೆದ ಔಷಧಿಯೆಲ್ಲ ಗಾಳಿಗೆ ಹಾರಿ ಬದುವಿನ ಈಚೆ ವೆಂಕಟರತ್ನಮ್ಮನ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತ್ತು. ಕುಡುಗೋಲು ಹಿಡಿದು ಸೊಪ್ಪಿಗೆ ಬಂದ ವೆಂಕಟರತ್ನಮ್ಮ ಒಂದು ಎಲೆ ಕಿತ್ತು ಮೂಸಿದಳು. ಇನ್ನೊಂದು ಕಿತ್ತು ಮೂಸಿದಳು. ಆಮೇಲೆ ತಲೆಯೆತ್ತಿ ಅವನನ್ನು ನೋಡಿದಳು.

ಅಕ್ಕಪಕ್ಕದ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದವರೆಲ್ಲ ಸೊಂಟ ನೆಟ್ಟಗೆ ಮಾಡಿಕೊಂಡರು. ಇಂಥದ್ದು ದಿನಾ ಸಿಗುವುದಲ್ಲ.

ಆ ಕಡೆ ಊರುಗಳಲ್ಲಿ ಇದಕ್ಕೊಂದು ಕಟ್ಟುಪಾಡಿದೆ. ತೋಟಕ್ಕೆ ಔಷಧಿ ಹೊಡೆಯುವವನು ಹಿಂದಿನ ಸಂಜೆಯೇ ರೇಷ್ಮೆಯವರ ಬಾಗಿಲಿಗೆ ಬಂದು, 'ನಾಳೆ ಹೊಡೀತೀನಿ' ಎಂದು ಹೇಳಿ ಹೋಗಬೇಕು. ಅವರು ಬೇಕಾದಷ್ಟು ಸೊಪ್ಪು ಕೊಯ್ದಿಟ್ಟುಕೊಳ್ಳುತ್ತಾರೆ. ಮುನಿಗಂಗಪ್ಪ ಹೇಳಬೇಕೆಂದೇ ಮನೆಯಿಂದ ಹೊರಟಿದ್ದ. ದಾರಿಯಲ್ಲಿ ಟೀ ಅಂಗಡಿ ಮುಂದೆ ಬೋರ್‌ವೆಲ್ ವಿಷಯಕ್ಕೆ ಇಬ್ಬರು ಜಗಳಕ್ಕೆ ಬಿದ್ದಿದ್ದರು; ನಡುವೆ ಕೂತು ನ್ಯಾಯ ಹೇಳಿ, ನ್ಯಾಯ ಹೇಳಿದ ಸಂತೋಷದಲ್ಲಿ ನೇರ ಮನೆಗೆ ವಾಪಸಾಗಿದ್ದ.

ವೆಂಕಟರತ್ನಮ್ಮನ ಹುಳದ ಮನೆಯಲ್ಲಿ ರೇಷ್ಮೆ ಹುಳಗಳು ಅವತ್ತೇ ಪೊರೆ ಬಿಡುವ ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಇನ್ನು ಒಂದು ವಾರ ಬಿಡುವಿಲ್ಲದೆ ತಿಂದರೆ ಗೂಡು ಕಟ್ಟುತ್ತವೆ. ಸೊಪ್ಪು ಸಿಗದಿದ್ದರೆ ಅಷ್ಟೂ ತಿಪ್ಪೆಗೆ. ಔಷಧಿ ಬಿದ್ದ ಸೊಪ್ಪು ಹಾಕಿದರೂ ತಿಪ್ಪೆಗೇ.

ಅವಳು ಬಾಯಿ ತೆರೆದಳು. ಮುನಿಗಂಗಪ್ಪ ಕಣ್ಣು ಮುಚ್ಚಿಕೊಂಡ. ಅವಳು ಬಾಯಿ ಮುಚ್ಚಿದಳು.

"ದೇವರು ನಿನ್ನ ಆಶೀರ್ವದಿಸಲಿ, ಮುನಿಗಂಗಪ್ಪ," ಅಂದಳು. ಬಂದ ದಾರಿಯಲ್ಲೇ ತಿರುಗಿ ಹೋದಳು.

ಆ ಹೆಸರಿನವರು ಬೇರೆ ಯಾರಾದರೂ ನಿಂತಿದ್ದಾರೋ ಎಂದು ಮುನಿಗಂಗಪ್ಪ ಹಿಂದೆ ತಿರುಗಿ ನೋಡಿದ. ಮೂವತ್ತು ವರ್ಷದಿಂದ ಅವಳು ಅವನನ್ನು 'ಲೋ ಗಂಗ' ಎಂಬುದನ್ನು ಬಿಟ್ಟು ಬೇರೆ ಹೆಸರಿನಿಂದ ಕರೆದಿರಲಿಲ್ಲ.

ವೆಂಕಟರತ್ನಮ್ಮನ ಬಾಯಿ ಊರಿನ ಆಸ್ತಿಯಾಗಿತ್ತು. ಲೈನ್‌ಮನ್ ಬರದಿದ್ದರೆ, ಚಿಂತಾಮಣಿ ಬಸ್ಸು ಊರ ಗೇಟಲ್ಲಿ ನಿಲ್ಲಿಸದಿದ್ದರೆ, ಲಾಯರನ್ನು ಕರೆದುಕೊಂಡು ಹೋಗುವಂತೆ ಜನ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಅದಕ್ಕೆಲ್ಲ ಕಲ್ಲು ಬಿದ್ದದ್ದು ಹೊಸ ವರ್ಷದ ಆರಾಧನೆಯಲ್ಲಿ. ಊರಾಚೆಯ ಶೀಟಿನ ಚಾವಣಿಯ ಕ್ರೈಸ್ತ ಸಭೆಯಲ್ಲಿ ಪಾಸ್ಟರ್ ಕೆಂಪರಾಜು ಪ್ರತಿ ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿಗಳನ್ನು ಹಾಕಿ ಒಬ್ಬೊಬ್ಬರ ಕೈಲೂ ಎತ್ತಿಸುತ್ತಿದ್ದರು. ಈ ಸಲ ಬೈಬಲಿನ ವಾಗ್ದಾನಗಳ ಬದಲು ಒಂದೊಂದು ಚೀಟಿಯಲ್ಲಿ ಒಂದೊಂದು ಗುಣ. ಬಂದ ಗುಣವನ್ನು ಬರುವ ಕ್ರಿಸ್‌ಮಸ್‌ವರೆಗೆ ಒಳಗೆ ಬೆಳೆಸಿಕೊಳ್ಳಬೇಕು. ಅವಳ ಗಂಡ ಕೃಷ್ಣಮೂರ್ತಿಗೆ 'ಸಂತೋಷ' ಬಂತು. ಬೇರೆಯವರ ಮನೆಯ ಕರೆಂಟ್ ಬಿಲ್ಲು ಕೈಗೆ ಬಂದಂತೆ ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವಳಿಗೆ 'ದೀರ್ಘಶಾಂತಿ', ಅಂದರೆ ಎಂಥದ್ದಕ್ಕೂ ಸಿಟ್ಟಾಗದ ತಾಳ್ಮೆ. ಚಾಪೆಯ ಮೇಲೆ ಕೂತಿದ್ದ ಹತ್ತಾರು ಜನಕ್ಕೆ ಒಟ್ಟಿಗೆ ಕೆಮ್ಮು ಬಂತು.

"ಇನ್ನೊಂದು ಎತ್ತಲಾ ಪಾಸ್ಟರ್?" ಅಂದಿದ್ದಳು.

"ಬಂದಿದ್ದು ಬಂತು, ಇಟ್ಕೊಳಮ್ಮ," ಅಂದಿದ್ದರು ಕೆಂಪರಾಜು. "ಹಿಪ್ಪುನೇರಳೆ ಯಾವಾಗ ಚೆನ್ನಾಗಿ ಚಿಗುರುತ್ತೆ? ಬುಡಕ್ಕೆ ಕತ್ತರಿಸಿದ ಮೇಲೆ. ಮನುಷ್ಯನ ಒಳಗೂ ಹಂಗೇನೆ."

ಕತ್ತರಿಸುವುದು ದೇವರ ಕೈಯೆಂದೇ ಅವಳು ತಿಳಿದಿದ್ದಳು. ಮುನಿಗಂಗಪ್ಪನ ಕೈ ಎಂದು ಯಾರೂ ಹೇಳಿರಲಿಲ್ಲ. ಆದರೂ ಚೀಟಿಯನ್ನು ಅನ್ನದ ಅಗುಳಿನಿಂದ ಹುಳದ ಮನೆಯ ಬಾಗಿಲಿಗೆ ಅಂಟಿಸಿದ್ದಳು. ಎರಡೂವರೆ ತಿಂಗಳು ನಡೆಸಿಯೂ ಇದ್ದಳು. ಬಸ್ಸು ಗೇಟಲ್ಲಿ ನಿಲ್ಲುವುದನ್ನು ಮತ್ತೆ ಬಿಟ್ಟಿತ್ತು.

ಅವತ್ತು ಸಂಜೆ ಕೃಷ್ಣಮೂರ್ತಿ ಬೈಕಿನಲ್ಲಿ ಊರೂರು ಸುತ್ತಿ ಎರಡು ಹೊರೆ ಸೊಪ್ಪು ತಂದ. ಅದು ಬೆಳಗಿನವರೆಗೂ ಸಾಲಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅವಳು ಬಾಗಿಲು ತೆಗೆದರೆ ಹೊರಗೆ ಇಪ್ಪತ್ತು ಟೊಮೇಟೊ ಕ್ರೇಟು. ತುಂಬ ಹಿಪ್ಪುನೇರಳೆ ಎಲೆ. ಕ್ರೇಟಿನ ಮೇಲೆ ಕೆಂಪು ಬಣ್ಣದಲ್ಲಿ ಮು.ಗಂ. ಎಂದು ಬರೆದಿತ್ತು. ಮುನಿಗಂಗಪ್ಪನ ಭಾಮೈದನಿಗೆ ಕೆಂಚಾರ್ಲಹಳ್ಳಿಯಲ್ಲಿ ಸೊಪ್ಪಿನ ತೋಟವಿತ್ತು.

ವೆಂಕಟರತ್ನಮ್ಮ ಒಂದು ಹಿಡಿ ಎಲೆಯನ್ನು ನಾಲ್ಕು ಹುಳಕ್ಕೆ ಹಾಕಿ ನೋಡಿದಳು. ಸರಿಯಾಗಿತ್ತು. ಒಂದೇ ಒಂದು ವಿಚಿತ್ರ: ಎಲೆಯನ್ನೆಲ್ಲ ಒಂದೊಂದಾಗಿ ಕಡ್ಡಿಯಿಂದ ಬಿಡಿಸಿ ತುಂಬಿದ್ದ. ಇಷ್ಟು ದೊಡ್ಡ ಹುಳಕ್ಕೆ ಯಾರೂ ಎಲೆ ಬಿಡಿಸುವುದಿಲ್ಲ, ಕಡ್ಡಿ ಸಮೇತ ಹಾಸುತ್ತಾರೆ. ಕುಡುಗೋಲಿನ ಒಂದು ಗಂಟೆಯ ಕೆಲಸ. ಟೊಮೇಟೊ ಕೀಳುವವನಿಗೆ ಅದೆಲ್ಲಿ ಗೊತ್ತಾಗಬೇಕು? ಹೇಳಬೇಕೆಂದು ಅವಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಖಾಲಿ ಕ್ರೇಟುಗಳನ್ನು ನೀರಲ್ಲಿ ತೊಳೆದು, ನೂಲು ಹಿಡಿದಂತೆ ಸಾಲಾಗಿ ಹೊರಗೆ ಜೋಡಿಸಿದಳು.

ಮಧ್ಯಾಹ್ನ ನಲ್ಲಿಯ ಹತ್ತಿರ ಅವನೇ ಎದುರಾದ.

"ಅಕ್ಕ, ಸೊಪ್ಪು..." ಅಂದ.

"ಬಂತಪ್ಪ. ನಿನ್ನ ಮನೆತನ ಚೆನ್ನಾಗಿರಲಿ, ಮುನಿಗಂಗಪ್ಪ."

ಅವನ ಕೈಯ ಬಿಂದಿಗೆ ಜಾರಿ ಕಾಲ ಮೇಲೆ ಬಿತ್ತು.

ಶನಿವಾರವೂ ಕ್ರೇಟು ಬಂದವು. ಭಾನುವಾರವೂ ಬಂದವು. ಊರಲ್ಲಿ ಮಾತು ಹುಟ್ಟಿತ್ತು. ಅವಳು ಬೈಯುತ್ತಿಲ್ಲವೆಂದರೆ ಎಲ್ಲವನ್ನೂ ಮೇಲಿನವನಿಗೇ ಒಪ್ಪಿಸಿದ್ದಾಳೆ, ಇನ್ನು ಮುನಿಗಂಗಪ್ಪನ ಬೋರು ನಿಲ್ಲುತ್ತದೋ, ಮೋಟಾರು ಸುಡುತ್ತದೋ ನೋಡಬೇಕು ಅಂತ ಟೀ ಅಂಗಡಿಯಲ್ಲಿ ಲೆಕ್ಕ ಹಾಕುತ್ತಿದ್ದರು.

ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ಮುನಿಗಂಗಪ್ಪ ಸಭೆಯ ಬಾಗಿಲಲ್ಲಿ ನಿಂತಿದ್ದ. ಹಣೆಗೆ ಕುಂಕುಮ, ಇಸ್ತ್ರಿ ಮಾಡಿದ ಅಂಗಿ. ಕೆಂಪರಾಜು ಗಾಬರಿಯಿಂದ ಎದ್ದು ಬಂದರು.

"ಬನ್ನಿ ಒಳಗೆ. ಏನು ಸಮಾಚಾರ?"

"ಒಳಗ್ ಬೇಡ ಸ್ವಾಮಿ, ಇಲ್ಲೇ ಹೇಳ್ತೀನಿ. ನಮ್ಮಕ್ಕನಿಗೆ ಅದೇನೋ ಚೀಟಿ ಕೊಟ್ಟಿದೀರಂತೆ. ಅದನ್ನ ವಾಪಸ್ ತಗಂಬಿಡಿ."

"ಯಾಕೆ?"

"ಬಯ್ತಾ ಇಲ್ಲ ಸ್ವಾಮಿ. ನಾಲ್ಕು ದಿನ ಆಯ್ತು. ಅನ್ನ ಇಳೀತಿಲ್ಲ ನಂಗೆ. ಬೈಸ್ಕೊಂಡಿದ್ರೆ ಅರ್ಧ ಗಂಟೇಲಿ ಮುಗ್ದೋಗ್ತಿತ್ತು. ಅದರ ಬದ್ಲು ಬೇರೆ ಯಾವುದಾರ ಕೊಡಿ. ಸಂತೋಷ ಗಿಂತೋಷ ಇದ್ರೆ ನೋಡಿ."

"ನಂದು ತಗೋ ಬೇಕಾದ್ರೆ," ಅಂದ ಕೃಷ್ಣಮೂರ್ತಿ ಹಿಂದಿನಿಂದ.

ಸಭೆಯೆಲ್ಲ ನಕ್ಕಿತು. ವೆಂಕಟರತ್ನಮ್ಮನಿಗೂ ನಗು ಬಂತು. ನಗುವಿನ ಜೊತೆಗೆ ಇನ್ನೊಂದು ಬಂತು, ಬೆಲ್ಲದ ಚೂರು ನಾಲಿಗೆ ಕೆಳಗೆ ಕರಗುವಂಥ ಒಂದು ಸುಖ. 'ಮಗನೆ, ಇನ್ನೂ ಒಂದಷ್ಟು ಬೇಯಿ' ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಮುನಿಗಂಗಪ್ಪ ಪಾಸ್ಟರಿಗೆ ಕೈಮುಗಿದ. ಅವನ ಹೆಬ್ಬೆರಳು, ತೋರುಬೆರಳು ಹಸಿರುಗಪ್ಪಾಗಿದ್ದವು. ಉಗುರಿನ ಸಂದಿ ಸೀಳಿತ್ತು. ಎಲೆ ಬಿಡಿಸಿದ ಕೈ.

ಬೆಲ್ಲ ಕರಗುವುದು ಅಲ್ಲೇ ನಿಂತಿತು.

ಮನೆಗೆ ಬಂದವಳೇ ಹುಳಕ್ಕೆ ಎಲೆ ಹಾಕಲು ಕೂತಳು. ಅವಳ ಅತ್ತೆ ಚಿಕ್ಕಮುನಿಯಮ್ಮ ಸಭೆಗೆ ಹೋಗುವವಳಲ್ಲ. ಊರ ಗಂಗಮ್ಮನನ್ನು ಬಿಟ್ಟು ಬೇರೆ ಬಾಗಿಲು ತುಳಿದವಳಲ್ಲ. ಜಗಲಿಯ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದವಳು ಕೇಳಿದಳು.

"ಏಮೇ, ಅವ್ನು ನಿಮ್ಮ ದೇವ್ರತ್ರಾನೇ ಬಂದಿದ್ನಂತೆ?"

"ಬಂದಿದ್ದ ಕಣತ್ತೆ. ಬೈಯಕ್ಕೆ ಹೇಳಿ ಅಂತ."

"ಬಾಯಲ್ಲಿ ಬೈದಿದ್ರೆ ಅವತ್ತೇ ಮುಗೀತಿತ್ತು. ನೀನು ನಾಲ್ಕು ದಿನದಿಂದ ಬೈತಾ ಇದೀಯಲ್ಲೇ."

"ನಾನೆಲ್ಲಿ ಬೈದೆ? ಒಂದು ಮಾತಾಡಿಲ್ಲ."

"ಅದೇ ನಾನೂ ಹೇಳ್ತಿರೋದು." ಚಿಕ್ಕಮುನಿಯಮ್ಮ ಪಕ್ಕಕ್ಕೆ ಉಗಿದಳು. "ಕಡ್ಡೀಲೇ ಕೊಯ್ಕೊಂಬಾರೋ ಅಂತ ಹೇಳಕ್ಕೂ ನಿಮ್ಮ ಚೀಟೀಲಿ ಬೇಡ ಅಂತ ಬರ್ದಿದಾರಾ?"

ವೆಂಕಟರತ್ನಮ್ಮ ಎಲೆಯ ಕ್ರೇಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಂಜೆ ಪ್ರಾರ್ಥನೆಗೆ ಮೊಣಕಾಲೂರಿದಾಗ, ನಾಲ್ಕು ದಿನದಿಂದ ತಾನು ಮಾಡಿದ ಪ್ರಾರ್ಥನೆಯೆಲ್ಲ ನೆನಪಿಗೆ ಬಂತು. ಅವನಿಗೆ ಬುದ್ಧಿ ಕೊಡಪ್ಪ ಅಂತ ಶುರುವಾಗಿ, ಎಂಥ ಬುದ್ಧಿ, ಯಾವ ಯಾವ ವಿಷಯದಲ್ಲಿ, ಮೂವತ್ತು ವರ್ಷದಿಂದ ಎಲ್ಲೆಲ್ಲಿ ಕಮ್ಮಿ ಬಿದ್ದಿದೆ ಅಂತ ದೇವರಿಗೇ ಬಿಡಿಸಿ ಬಿಡಿಸಿ ಹೇಳಿದ್ದಳು. ಆ ಎಲೆಗಳ ಹಾಗೆಯೇ, ಒಂದೊಂದಾಗಿ. ಇವತ್ತು ಏನು ಕೇಳಬೇಕೆಂದು ತೋಚಲಿಲ್ಲ. ಬರೀ ಆಮೆನ್ ಅಂದು ಎದ್ದಳು.

ಸೋಮವಾರ ಕೋಳಿ ಕೂಗುವ ಹೊತ್ತಿಗೇ ಎದ್ದು ಹುಳದ ಮನೆಯ ಬಾಗಿಲ ಹಿಂದೆ ನಿಂತಳು. ಟೆಂಪೊ ದೂರದಲ್ಲೇ ಆಫ್ ಆಯಿತು. ಮುನಿಗಂಗಪ್ಪ ಎರಡು ಕ್ರೇಟು ತಲೆಯ ಮೇಲಿಟ್ಟುಕೊಂಡು, ಕಳ್ಳನ ಹಾಗೆ ಬೆರಳ ಮೇಲೆ ನಡೆದು ಬಂದ. ಕ್ರೇಟು ಇಳಿಸಲು ಬಗ್ಗುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಅವನು ಬಗ್ಗಿದವನು ಬಗ್ಗಿದಂತೆಯೇ ನಿಂತ.

"ಲೋ ಗಂಗ," ಅಂದಳು.

ಅವನು ನಿಧಾನವಾಗಿ ನೆಟ್ಟಗಾದ.

"ಇದೇನು ಸೊಪ್ಪೇನೋ, ನಿನ್ನ ಟೊಮೇಟೊನೇನೋ? ಈ ಹುಳಕ್ಕೆ ಕಡ್ಡಿ ಸಮೇತ ಹಾಸ್ತಾರೆ ಕಣೋ ಬೆಪ್ಪೆ. ಮೂವತ್ತು ವರ್ಷದಿಂದ ಪಕ್ಕದಲ್ಲೇ ಬೇಸಾಯ ಮಾಡ್ತೀಯ, ಕಣ್ಣು ಎಲ್ಲಿಟ್ಟಿದ್ದೆ? ಹೆಂಡ್ತಿ ಕೈಯೂ ಇಂಗೇ ಮಾಡಿದೀಯಾ? ಒತ್ತಿ ಒತ್ತಿ ಬೇರೆ ತುಂಬಿದೀಯ, ಎಲೆಯೆಲ್ಲ ಕಾವು ಹತ್ತಿ ಬಾಡೋಗಲ್ವಾ? ನ್ಯಾಯ ಹೇಳಕ್ಕೆ ಮಾತ್ರ ಮುಂದು ನೀನು."

ಮುನಿಗಂಗಪ್ಪ ತಲೆ ಬಗ್ಗಿಸಿ, ಬಿರುಬಿಸಿಲಲ್ಲಿ ಬಂದವನು ತಣ್ಣೀರು ತಲೆಗೆ ಹೊಯ್ಸಿಕೊಂಡಂತೆ ಕೇಳಿಸಿಕೊಂಡ. ಅವಳು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಕಾದ.

"ಇನ್ನೂ ಐತಲ್ಲಕ್ಕ," ಅಂದ. "ಔಸ್ತಿ ವಿಷ್ಯ."

ಅವಳ ಕಣ್ಣು ಬಾಗಿಲಿನ ಚೀಟಿಯ ಕಡೆ ಹೋಯಿತು. ಎರಡೂವರೆ ತಿಂಗಳ ಧೂಳಿಗೆ ಅದು ಮಾಸಿತ್ತು, ಒಂದು ಮೂಲೆ ಎದ್ದಿತ್ತು. ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಳು.

"ಅದು ಮುಗೀತು ಬಿಡೋ."

"ಮುಗೀತಾ?"

"ಮುಗೀತು ಅಂದ್ನಲ್ಲ. ಎಷ್ಟು ಸಲ ಹೇಳ್ಬೇಕು ನಿಂಗೆ?"

ಹಿಂದೆ ಹಟ್ಟಿಯಲ್ಲಿ ಹಸು ಕೆಮ್ಮಿತು. ಮುನಿಗಂಗಪ್ಪ ಟವಲಿನಿಂದ ಮುಖ ಒರೆಸಿಕೊಂಡ; ಒರೆಸಿಕೊಳ್ಳುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಟೆಂಪೊದಲ್ಲಿ ಇನ್ನೂ ಹದಿನೆಂಟು ಕ್ರೇಟಿದ್ದವು. ಅವನು ಹೊರಡಲು ತಿರುಗಿದಾಗ ವೆಂಕಟರತ್ನಮ್ಮ ಮತ್ತೆ ಕರೆದಳು.

"ಎಲ್ಲಿಗೆ ಹೊಂಟೆ? ಚಪ್ಲಿ ಬಿಟ್ಟು, ಕಾಲಿಗೆ ಸುಣ್ಣ ಮೆಟ್ಕೊಂಡು ಒಳಗೆ ಬಾ. ನಿಮ್ಮ ಭಾವನ್ನ ಏಳಿಸಿದ್ರೆ ಏಳಲ್ಲ, ಇಷ್ಟೂ ನಾನೊಬ್ಳೇ ಹಾಕಕ್ಕಾಯ್ತದಾ?"

ಹುಳದ ಮನೆಯೊಳಗೆ ಹೊರಗಿನವರನ್ನು ಯಾರೂ ಬಿಡುವುದಿಲ್ಲ. ರೋಗ ಬರುತ್ತದೆ, ದೃಷ್ಟಿ ತಾಗುತ್ತದೆ. ಸ್ವಂತ ತಮ್ಮ ಬಂದರೂ ವೆಂಕಟರತ್ನಮ್ಮ ಜಗಲಿಯಲ್ಲೇ ಕೂರಿಸಿ ಮಾತಾಡಿ ಕಳಿಸುತ್ತಿದ್ದಳು. ಮುನಿಗಂಗಪ್ಪ ಅವಳ ಮುಖವನ್ನು ಒಮ್ಮೆ, ರೋಗ ಒಳಗೆ ಬಾರದಂತೆ ಹೊಸಿಲ ಮುಂದೆ ಹರಡಿದ್ದ ಸುಣ್ಣವನ್ನು ಒಮ್ಮೆ ನೋಡಿದ.

ಹೊತ್ತು ಮೂಡುವಾಗ ಚಿಕ್ಕಮುನಿಯಮ್ಮ ಕೋಲೂರಿಕೊಂಡು ಹೊರಗೆ ಬಂದಳು. ಒಳಗಿನಿಂದ ಸೊಸೆಯ ದನಿ ಜೋರಾಗಿ ಕೇಳುತ್ತಿತ್ತು: "ತೆಳ್ಳಗೆ ಹಾಸೋ, ತೆಳ್ಳಗೆ." ಬಾಗಿಲ ಹೊರಗೆ ಸೊಸೆಯ ಚಪ್ಪಲಿಯ ಪಕ್ಕ ಇನ್ನೊಂದು ಜೊತೆ ಬಿದ್ದಿತ್ತು. ಒಂದರ ಪಟ್ಟಿ ಕಿತ್ತುಹೋಗಿ, ಟೊಮೇಟೊ ಗಿಡ ಕಟ್ಟುವ ದಾರದಿಂದ ಕಟ್ಟಿತ್ತು. ಇನ್ನೊಂದು ಅವಸರಕ್ಕೆ ಮಗುಚಿಕೊಂಡಿತ್ತು. ಮುದುಕಿ ಕೋಲಿನ ತುದಿಯಿಂದ ಅದನ್ನು ಸರಿಯಾಗಿ ತಿರುಗಿಸಿ, ಜೊತೆಗೆ ಸೇರಿಸಿಟ್ಟು, ಜಗಲಿಯ ಮೇಲೆ ಕೂತು ಎಲೆಯಡಿಕೆಯ ಚೀಲ ಬಿಚ್ಚಿದಳು.