ನಾನು ಬಿದ್ದೆ, ಅಷ್ಟೆ

ನಾನು ಒಂದು ಕಬ್ಬಿಣದ ಪಟ್ಟಿ. ಒಂದು ಗೇಣು ಉದ್ದ, ಮೂರು ಬೆರಳು ಅಗಲ, ತುದಿಯಲ್ಲಿ ಹರಿತವಾದ ಬಾಯಿ, ಹಿಂದೆ ಹಲಸಿನ ಮರದ ಹಿಡಿ. ಪೇಟೆಯ ಅಂಗಡಿಗಳಲ್ಲಿ ನನ್ನ ನೆಂಟರನ್ನು ಸ್ಕ್ರೇಪರ್ ಎಂದು ಕರೆದು, ಪ್ಲಾಸ್ಟಿಕ್ ಹೊದಿಸಿ ತೂಗುಹಾಕಿರುತ್ತಾರಂತೆ. ನನಗೆ ಅಂಥ ವೈಭವವೇನೂ ಇಲ್ಲ. ಕುಂದಾಪುರದ ಕಡೆಯ ನಮ್ಮ ಹೊಳೆದಂಡೆಯಲ್ಲಿ ನಾನು ಬರೀ ಪಟ್ಟಿ.

ಅದಕ್ಕೂ ಮೊದಲು ನಾನು ಒಂದು ಲಾರಿಯ ಅಡಿಯಲ್ಲಿದ್ದೆ. ಘಾಟಿಯ ತಿರುವಿನಲ್ಲಿ ಮುರಿದುಹೋದ ಸ್ಪ್ರಿಂಗಿನ ತುಂಡು ನಾನು. ಗುಜರಿಯಿಂದ ನನ್ನನ್ನು ಹೆಕ್ಕಿ ತಂದ ಶೇಷ ಆಚಾರಿ ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ. ಬಡಿದಾಗಲೆಲ್ಲ ನನ್ನ ಮೈಯಿಂದ ಕಿಡಿಗಳು ಹಾರಿ ಅವನ ಪಂಚೆಗೆ ತೂತು ಬಿದ್ದವು. ಅವನು ಬೈದುಕೊಳ್ಳುತ್ತಲೇ ನನಗೊಂದು ರೂಪ ಕೊಟ್ಟ.

ನನ್ನನ್ನು ಮೊದಲು ಕೊಂಡವರು ಕುಷ್ಟ ಮೊಗವೀರರು. ದೋಣಿಯನ್ನು ಮರಳ ಮೇಲೆ ಮಗುಚಿ, ಅದರ ಅಡಿಗೆ ಅಂಟಿದ ಚಿಪ್ಪುಗಳನ್ನು ಕೆರೆಯುವುದು ಅವರ ಕೆಲಸ. ನಾನು ಅವರನ್ನು ಯಾವಾಗಲೂ ಕೆಳಗಿನಿಂದಲೇ ನೋಡಿದ್ದು. ಹಾಗಾಗಿ ಅವರ ಮುಖಕ್ಕಿಂತ ಗಲ್ಲದ ಅಡಿಯ ಬಿಳಿಗಡ್ಡವೇ ನನಗೆ ಹೆಚ್ಚು ಪರಿಚಯ. ಮಧ್ಯಾಹ್ನ ಗಂಜಿ ತರುತ್ತಿದ್ದ ಮಗಳು ಮೂಕಾಂಬು ನನ್ನನ್ನು ಎತ್ತಿಕೊಂಡು ತಾನೂ ಕೆರೆಯಲು ಕೂರುತ್ತಿದ್ದಳು.

"ಒತ್ತುಕಾಗ ಹೆಣೆ, ಸವರ್ಕ್. ಒತ್ರೆ ಹಲಗೆಗೇ ಗಾಯ ಆತ್ತ್," ಎನ್ನುತ್ತಿದ್ದರು ಅವರು.

ಬರಬರುತ್ತಾ ಮರದ ದೋಣಿಗಳು ಕಡಿಮೆಯಾದವು, ಫೈಬರ್ ದೋಣಿಗಳು ಬಂದವು. ಕುಷ್ಟ ಮೊಗವೀರರು ತೀರಿಕೊಂಡ ಮೇಲೆ ನಾನು ಮೂಕಾಂಬುವಿನ ಪಾಲಿಗೆ ಬಂದೆ. ಮೀನಿನ ಹುರುಪೆ ತೆಗೆದೆ, ಬಾವಿಕಟ್ಟೆಯ ಪಾಚಿ ಕೆರೆದೆ, ದೋಸೆಕಲ್ಲಿನ ಕರಿ ಬಿಡಿಸಿದೆ. ಅವಳ ಗಂಡ ಭಾಸ್ಕರ ಹದಿನೈದು ವರ್ಷ ಮೀನಿನ ದೋಣಿಗಳಲ್ಲಿ ಎಂಜಿನ್ ನೋಡಿಕೊಂಡವನು. ಒಳ್ಳೆಯವನೇ. ಆದರೆ ಅವನಿಗೆ ಎಲ್ಲವೂ ಈಗಿಂದೀಗಲೇ ಆಗಬೇಕು, ತಪ್ಪು ಮಾತ್ರ ಯಾವತ್ತೂ ಅವನದ್ದಾಗಿರಬಾರದು.

ಆ ಭಾಸ್ಕರ ಒಂದು ಹಳೆಯ ಫೈಬರ್ ಬೋಟು ಕೊಂಡ. ಜನರನ್ನು ಕೂರಿಸಿಕೊಂಡು ಹೊಳೆ ಸುತ್ತಿಸುವ ಆಲೋಚನೆ. ಬೋಟಿನ ಒಳಗೆಲ್ಲ ಕಾರ್ಪೆಟ್ ಇತ್ತು. ಉಪ್ಪುನೀರು ಕುಡಿದು, ಬೂಸ್ಟು ಹಿಡಿದು, ಸತ್ತ ಏಡಿಯ ನಾತ ಹೊಡೆಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ಅದನ್ನು ಕಿತ್ತೆಸೆದರು. ಕಾರ್ಪೆಟ್ ಏನೋ ಬಂತು, ಅದರ ಅಂಟು ಬರಲಿಲ್ಲ. ತಳ ಹಿಡಿದ ಬೆಲ್ಲದ ಪಾಕದ ಹಾಗೆ ನೆಲದ ತುಂಬ ಕೂತಿತ್ತು. ಅದರ ಮೇಲೆಯೇ ಹೊಸ ಕಾರ್ಪೆಟ್ ಹಾಕಿದರೆ ಗಂಟುಗಂಟಾಗಿ ಏಳುತ್ತದೆ. ಹಾಗಾಗಿ ನನ್ನ ಬುಲಾವ್ ಆಯಿತು.

ಮೂಕಾಂಬು ಹಲಸಿನ ಮೇಣ ಬಿಡಿಸಿದ ಕೈಯವಳು. ಅಂಟಿಗೆ ತೆಂಗಿನೆಣ್ಣೆ ಸವರಿದಳು, ನೆನೆಯಲು ಬಿಟ್ಟಳು, ಆಮೇಲೆ ನನ್ನನ್ನು ಓರೆಯಾಗಿ ಹಿಡಿದು ಮೆಲ್ಲಗೆ ತಳ್ಳಿದಳು. ಅಂಟು ಉಂಡೆಯುಂಡೆಯಾಗಿ ಎದ್ದು ನನ್ನ ಬಾಯಿಗೆ ಮೆತ್ತಿಕೊಂಡಿತು. ಗೋಣಿಗೆ ಒರೆಸಿ ಮತ್ತೆ ತಳ್ಳಿದಳು. ಎಣ್ಣೆಯ ಜಿಡ್ಡನ್ನು ಸಾಬೂನಿನ ನೀರಿನಿಂದ ತೊಳೆದಳು. ಎರಡು ದಿನಕ್ಕೆ ದೊಡ್ಡ ನೆಲ ಮುಗಿಯಿತು. ಉಳಿದದ್ದು ಬೋಟಿನ ಮೂತಿಯೊಳಗಿನ ಗೂಡು. ಕೂತರೆ ತಲೆ ತಾಗುವ, ಕಿಟಕಿಯಿಲ್ಲದ, ಒಂದೇ ಬಾಗಿಲಿನ ಜಾಗ ಅದು.

ಮೂರನೆಯ ದಿನ ಮಂಗಳವಾರ. ಮರುದಿನ ಬೆಳಿಗ್ಗೆ ನಿವೃತ್ತ ಟೀಚರುಗಳ ಒಂದು ತಂಡ ಬರುವುದಿತ್ತು, ಬೋಟಿನ ಮೊದಲ ಪ್ರಯಾಣ. ಮಧ್ಯಾಹ್ನ ಮೂರಕ್ಕೆ ರಾಹುಕಾಲ. ಅಷ್ಟರೊಳಗೆ ಕರ್ಪೂರ ಹಚ್ಚಿ, ಕೈಮುಗಿದು, ಹೊಸ ಕಾರ್ಪೆಟ್ಟಿನ ಒಂದು ಮೂಲೆಯನ್ನಾದರೂ ಅಂಟಿಸಬೇಕೆಂದು ಭಾಸ್ಕರ ಹಟ ಹಿಡಿದಿದ್ದ. ಗಂಟೆ ಎರಡು ದಾಟಿತ್ತು. ಗೂಡಿನ ಅಂಟು ಇನ್ನೂ ಹಾಗೆಯೇ ಇತ್ತು.

ಮೂಕಾಂಬು ಕುಡಿಯುವ ನೀರು ತರಲು ಹೋದಾಗ ಅವನು ಎಂಜಿನ್ನಿನ ಕ್ಯಾನು ಎತ್ತಿಕೊಂಡು ಬಂದು ಗೂಡಿನ ನೆಲಕ್ಕೆ ಪೆಟ್ರೋಲ್ ಹೊಯ್ದ. ನಾನು ಅಲ್ಲೇ ಬಿದ್ದಿದ್ದೆ. ನನ್ನ ಮೈಯೂ ತೊಯ್ದುಹೋಯಿತು.

ಅವಳು ಹಿತ್ತಾಳೆ ಚೊಂಬು ಹಿಡಿದು ಬಂದವಳೇ ಮೂಗು ಮುಚ್ಚಿಕೊಂಡಳು. "ಹ್ವಾಯ್, ಎಂತ ವಾಸ್ನಿ ಇದ್?"

"ಪೆಟ್ರೋಲ್. ಒಂದ್ ಗಳಿಗೆಲಿ ಕರ್ಗತ್ತ್, ಕಾಣ್. ನಂಗೆಂತ ವಾಸ್ನಿ ಬತ್ತಿಲ್ಲೆ."

ಅವನು ಸುಳ್ಳು ಹೇಳಲಿಲ್ಲ. ಹದಿನೈದು ವರ್ಷ ಪೆಟ್ರೋಲಿನ ನಡುವೆಯೇ ಬದುಕಿದ ಮೂಗದು. ಅವನಿಗೆ ನಿಜವಾಗಿಯೂ ಬರುತ್ತಿರಲಿಲ್ಲ.

ಅವಳು ಒಳಗೆ ಬಂದು ಕುಕ್ಕರಗಾಲಿನಲ್ಲಿ ಕೂತು, ಚೊಂಬನ್ನು ಪಕ್ಕದಲ್ಲಿಟ್ಟು ನನ್ನನ್ನು ಎತ್ತಿಕೊಂಡಳು. ಗಾಳಿಗೆ ಪೆಟ್ರೋಲ್ ಒಣಗಿಬಿಡುತ್ತದೆ ಎಂದು ಭಾಸ್ಕರ ಹೊರಗಿನಿಂದ ಬಾಗಿಲು ಎಳೆದುಕೊಂಡ. ಪೆಟ್ರೋಲಿನ ಹಬೆ ಮೇಲಕ್ಕೆ ಏಳುವುದಿಲ್ಲ, ನೆಲ ಹಿಡಿದು ಮಲಗುತ್ತದೆ. ನಿಂತವರಿಗೆ ಅದು ಗೊತ್ತಾಗುವುದಿಲ್ಲ. ನೆಲದಲ್ಲಿರುವ ನನಗೆ ಗೊತ್ತಿತ್ತು.

ಆ ನೆಲದಲ್ಲಿ ಹಳೆಯ ಕಬ್ಬಿಣದ ಸ್ಕ್ರೂಗಳ ತಲೆಗಳು ಅಲ್ಲಲ್ಲಿ ಎದ್ದಿದ್ದವು. ಅವಳು ತಳ್ಳಿದಾಗಲೆಲ್ಲ ನಾನು ಅವುಗಳ ಹತ್ತಿರ ಹತ್ತಿರ ಹೋಗುತ್ತಿದ್ದೆ. ಕುಲುಮೆಯಲ್ಲಿ ಹುಟ್ಟಿದ ನನಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ನನಗೆ ಭಯವಾಯಿತು. ಇಷ್ಟು ವರ್ಷ ನನ್ನನ್ನು ಸಾಕಿದವಳನ್ನು ನಾನೇ ಸುಡುತ್ತೇನೇನೋ ಎನ್ನುವ ಭಯ. ಅವಳು ಸವರುತ್ತಿದ್ದಳು, ಒತ್ತುತ್ತಿರಲಿಲ್ಲ. ಅದೊಂದೇ ನನಗಿದ್ದ ಧೈರ್ಯ.

ಹತ್ತು ನಿಮಿಷಕ್ಕೆ ಅವಳ ಕೈ ನಿಧಾನವಾಯಿತು. ಬೆವರಿದ ಹಣೆ ಮೊಣಕಾಲಿಗೆ ತಾಗಿತು. "ಹ್ವಾಯ್... ತಲಿ ತಿರ್ಗತ್ತ್..." ಎಂದಳು. ಅದೇ ಹೊತ್ತಿಗೆ ಹೊಳೆಯಲ್ಲಿ ಇನ್ನೊಂದು ಬೋಟು ಗುಡುಗುಟ್ಟುತ್ತಾ ಹಾದುಹೋಯಿತು. ಹೊರಗೆ ಯಾರಿಗೂ ಕೇಳಲಿಲ್ಲ.

ಬಾಗಿಲಿನ ಸಂದಿಯಿಂದ ನನಗೆ ಭಾಸ್ಕರನ ಪಾದಗಳು ಕಾಣುತ್ತಿದ್ದವು. ಕರ್ಪೂರದ ತಟ್ಟೆ ಇಟ್ಟ ಸದ್ದು. ಬೆಂಕಿಪೊಟ್ಟಣ ಅಲ್ಲಾಡಿಸಿದ ಸದ್ದು. ಹಬೆ ಬಾಗಿಲಿನ ಅಡಿಯಿಂದ ನುಸುಳಿ ಅವನ ಕಾಲ ಬೆರಳುಗಳ ತನಕ ಹೋಗಿತ್ತು. ಮೊದಲ ಕಡ್ಡಿ ಗೀರಿದ. ಹೊಳೆಯ ತೇವಕ್ಕೆ ಅದರ ಮದ್ದು ಉದುರಿತು. ಎರಡನೆಯ ಕಡ್ಡಿ ತೆಗೆದ. ಬೇಡ ಮಾರಾಯ, ಬೇಡ ಎಂದು ನಾನು ಕೂಗಬೇಕು. ನನಗೆ ಬಾಯಿದೆ, ಆದರೆ ಅದು ಕೆರೆಯುವ ಬಾಯಿ.

ಆಗ ಮೂಕಾಂಬುವಿನ ಕೈ ಸಡಿಲವಾಯಿತು. ನಾನು ಬಿದ್ದೆ.

ಎಡಕ್ಕೆ ಬಿದ್ದಿದ್ದರೆ ಸ್ಕ್ರೂ ಇತ್ತು. ಬಲಕ್ಕೆ ಬಿದ್ದೆ, ಹಿತ್ತಾಳೆ ಚೊಂಬಿನ ಮೇಲೆ. ಠಣ್ ಎಂದಿತು. ಹಿತ್ತಾಳೆಯಿಂದ ಕಿಡಿ ಹಾರುವುದಿಲ್ಲ.

"ಥೋ! ಒಳ್ಳೆ ಕೆಲ್ಸದ್ ಹೊತ್ತಿಗೆ ಎಂತ ಬೀಳ್ಸ್ದ್ಯೇ?" ಭಾಸ್ಕರ ರೇಗಿದ.

ಉತ್ತರ ಬರಲಿಲ್ಲ. ಮೂಕಾಂಬು ಒಂದು ಮಾತಿಗೆ ಎರಡು ಮಾತು ಕೊಡುವವಳು. ಅವಳು ಸುಮ್ಮನಿದ್ದದ್ದೇ ಅವನನ್ನು ಹೆದರಿಸಿತು. ಗೀರದ ಕಡ್ಡಿಯನ್ನು ಬೆರಳಲ್ಲೇ ಹಿಡಿದುಕೊಂಡು ಅವನು ಬಾಗಿಲು ತೆಗೆದ. ಆಮೇಲೆ ಕಡ್ಡಿ, ಪೊಟ್ಟಣ ಎರಡೂ ಹೊಳೆಗೆ ಹೋದವು. ಅವಳ ತೋಳಿಗೆ ಕೈಹಾಕಿ ಎಳೆದು ಹೊರಗೆ ಮಲಗಿಸಿ, ಅಳುತ್ತಾ ಗಾಳಿ ಹಾಕಿದ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಅವಳು ಮನೆಗೆ ಬಂದಳು. ಟೀಚರುಗಳು ಬೇರೆ ಬೋಟಿನಲ್ಲಿ ಹೋದರು. ಗೂಡಿನ ಅಂಟನ್ನು ಭಾಸ್ಕರ ಬಾಗಿಲು ತೆಗೆದಿಟ್ಟು, ಬಿಸಿನೀರು ಸಾಬೂನು ಹಾಕಿ, ನಾಲ್ಕು ದಿನ ಒಬ್ಬನೇ ಕೆರೆದ.

ಅಲ್ಲಿಂದ ನನಗೆ ದೇವರ ಪಟ್ಟ ಸಿಕ್ಕಿತು. ಭಾಸ್ಕರ ಬೋಟಿನ ಒಳಗೆ ಮೊಳೆ ಹೊಡೆದು ನನ್ನನ್ನು ತೂಗುಹಾಕಿದ, ದಿನವೂ ಕುಂಕುಮ ಹಚ್ಚಿದ. ಬಂದ ಜನಕ್ಕೆಲ್ಲ ಕಥೆ ಹೇಳಿದ. "ಪೆಟ್ರೋಲಿನ ಹಬೆ ತುಂಬಿತ್ತು, ಹೆಂಡತಿ ಎಚ್ಚರ ತಪ್ಪಿದ್ದಳು, ಈ ಪಟ್ಟಿಯೇ ಕೂಗಿ ಕರೆಯಿತು" ಎಂದು. ಜನ ಕೈಮುಗಿದರು, ಫೋಟೋ ತೆಗೆದರು. ನನಗೆ ನಾಚಿಕೆಯಾಗುತ್ತಿತ್ತು. ನಾನು ಉಳಿಸಲಿಲ್ಲ, ಬಿದ್ದೆ ಅಷ್ಟೆ.

ಐದು ವರ್ಷ ಹೀಗೇ ನಡೆಯಿತು. ಮೂಕಾಂಬು ಬೋಟು ಕಟ್ಟುವ ಧಕ್ಕೆಯ ಮೇಲೆ ಎಳನೀರು ಮಾರುತ್ತಾ ಈ ಕಥೆಯನ್ನು ದಿನಕ್ಕೆ ಮೂರು ಸಲ ಕೇಳುತ್ತಿದ್ದಳು. ಬೋಟಿಗೆ ಮಾತ್ರ ಒಂದು ದಿನವೂ ಕಾಲಿಡಲಿಲ್ಲ. ಜನ ಹೆದರಿಕೆ ಇರಬೇಕು ಎಂದುಕೊಂಡರು.

ಮೊನ್ನೆ ಒಬ್ಬ ವಯಸ್ಸಾದ ಹೆಂಗಸು ಕಥೆಯೆಲ್ಲ ಕೇಳಿ, "ಅಲ್ಲಪ್ಪಾ, ಅಲ್ಲಿಗೆ ಪೆಟ್ರೋಲ್ ಹೇಗೆ ಬಂತು?" ಎಂದು ಕೇಳಿದರು.

"ಬೋಟ್ ಅಂದ್ಮೇಲೆ ಪೆಟ್ರೋಲ್ ಇರತ್ತಲ್ದಾ ಅಮ್ಮ," ಎಂದ ಭಾಸ್ಕರ, ಹಗ್ಗ ಬಿಚ್ಚುತ್ತಾ.

"ಹೇಳಿ," ಎಂದಳು ಮೂಕಾಂಬು, ಧಕ್ಕೆಯ ಮೇಲಿಂದ. ದನಿ ಏರಿಸಲಿಲ್ಲ. "ಹೊಯ್ದದ್ದ್ ಯಾರ್ ಅಂತ್ಲೂ ಹೇಳಿ."

ಭಾಸ್ಕರನ ಕೈಯ ಹಗ್ಗ ಅಲ್ಲೇ ನಿಂತಿತು. ಜನ ಅವನನ್ನೇ ನೋಡುತ್ತಿದ್ದರು. ಅವನು ನನ್ನ ಕಡೆ ನೋಡಿದ. ನಾನು ಏನು ಹೇಳಲಿ?

"ನಾನೇ," ಎಂದ ಕೊನೆಗೆ. "ಅವ್ಳ್ ವಾಸ್ನಿ ಅಂದ್ಳ್. ನಾನ್ ಕೇಣ್ಲಿಲ್ಲೆ. ಬಾಗ್ಲ್ ಹಾಕಿದ್ದೂ ನಾನೇ."

 ಮೂಕಾಂಬು ಎಳನೀರಿನ ಬುಟ್ಟಿಗೆ ಗೋಣಿ ಮುಚ್ಚಿದಳು. ಸೀರೆಯ ನೆರಿಗೆ ಎತ್ತಿ ಹಿಡಿದು ಬೋಟಿಗೆ ಹತ್ತಿ, ನನ್ನ ಮೊಳೆಯ ಕೆಳಗಿನ ಖಾಲಿ ಸೀಟಿನಲ್ಲಿ ಕೂತಳು.

"ಹೊರಡ್ಸಿ," ಎಂದಳು.